ಗಂಡು ಮುಟ್ಟಿಸುವ ಹೊತ್ತು: ಕರಬೂಜದ ಕ್ರಾಸಿಂಗ್ ಮತ್ತು ಹಣ್ಣಿನ ಗುಣ

(ಹೈಬ್ರಿಡ್ ತರಕಾರಿ ಬೀಜ ಬೆಳೆಯುವ ರೈತರು ಮತ್ತು ತೋಟಗಾರಿಕೆ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸ. ಮಾತಿನ ಧಾಟಿಯನ್ನು ಆದಷ್ಟು ಉಳಿಸಿಕೊಂಡು ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ದೂರಿನಿಂದಲೇ ಶುರು ಮಾಡುತ್ತೇನೆ. ಕರಬೂಜ ಬೆಳೆಯುವವರಲ್ಲಿ ಈ ಮಾತು ಕೇಳದವರು ಕಡಿಮೆ: "ಪಕ್ಕದ ಹೊಲದಾಗ ಸೌತಿ ಹಾಕ್ಯಾರ್ರೀ ಸರ, ಅದರ ಗಂಡು ಬಡದು ನಮ್ಮ ಕರಬೂಜ ಸಪ್ಪಗಾಗೇತಿ." ಹಣ್ಣು ಸಪ್ಪೆಯಾಗಿದ್ದು ನಿಜ. ಬೈಗುಳ ಮಾತ್ರ ತಪ್ಪಿದ ವಿಳಾಸಕ್ಕೆ ಹೋಗಿದೆ. ಎಳೆಸೌತೆಯ ಪರಾಗ ಕರಬೂಜದಲ್ಲಿ ಬೀಜ ಕಟ್ಟಿಸುವುದೇ ಇಲ್ಲ. ಸೌತೆಯಲ್ಲಿ 14 ವರ್ಣತಂತುಗಳಿವೆ, ಕರಬೂಜದಲ್ಲಿ 24. ಕುಲ ಒಂದೇ ಆದರೂ ಎರಡರ ನಡುವೆ ಸಂಬಂಧ ಬೆಳೆಯುವುದಿಲ್ಲ.

ಆದರೆ ಕರಾವಳಿಯ ಮಂಗಳೂರು ಸೌತೆಯ ಕಥೆ ಬೇರೆ. ಹೆಸರಿನಲ್ಲಿ ಸೌತೆ ಇದ್ದರೂ ಜಾತಿಯಲ್ಲಿ ಅದು ಕರಬೂಜವೇ. ಬಿರಿದು ಹಿಟ್ಟುಹಿಟ್ಟಾಗುವ ನಮ್ಮ ಕೆಕ್ಕರಿಕೆ ಹಣ್ಣೂ ಅದೇ ಜಾತಿ. ಇವೆರಡೂ ಕರಬೂಜದ ಜೊತೆ ಸಲೀಸಾಗಿ ಕೂಡುತ್ತವೆ. ಹಾಗಿದ್ದ ಮೇಲೆ ಪಕ್ಕದ ಹೊಲದಲ್ಲಿ ಮಂಗಳೂರು ಸೌತೆ ಇದ್ದರೆ ಈ ಸಲದ ಕರಬೂಜ ಹುಳಿಯಾಗಬೇಕಲ್ಲ? ಆಗುವುದಿಲ್ಲ. ನಾವು ತಿನ್ನುವ ತಿರುಳು ಹೂವಿನ ಅಂಡಾಶಯದ ಗೋಡೆ ಬೆಳೆದು ಆದದ್ದು. ಅದು ಪೂರ್ತಿ ತಾಯಿಯ ಮೈ. ತಂದೆಯ ಪಾಲು ಸೇರುವುದು ಬೀಜದೊಳಗಿನ ಭ್ರೂಣಕ್ಕೆ. ಆ ಬೀಜವನ್ನು ಮುಂದಿನ ಹಂಗಾಮಿನಲ್ಲಿ ಬಿತ್ತಿ, ಬಳ್ಳಿ ಹಬ್ಬಿ, ಕಾಯಿ ಹಣ್ಣಾದಾಗ ತಂದೆಯ ರುಚಿ ನಾಲಿಗೆಗೆ ತಗಲುತ್ತದೆ. ಒಂದು ಅಪವಾದ ಹೇಳಿಬಿಡುತ್ತೇನೆ. ಖರ್ಜೂರದಲ್ಲಿ ತಂದೆಯ ಪರಾಗ ಅದೇ ವರ್ಷದ ಹಣ್ಣಿನ ಗಾತ್ರವನ್ನೂ ಮಾಗುವ ಕಾಲವನ್ನೂ ಬದಲಿಸುತ್ತದೆ ಎಂದು ಅಮೆರಿಕದ ಸಸ್ಯವಿಜ್ಞಾನಿ ಸ್ವಿಂಗಲ್ 1928ರಲ್ಲಿ ಬರೆದರು. ನಮ್ಮ ಕರಬೂಜದ ಹೊಲದಲ್ಲಿ ಅದನ್ನು ನೆಪ ಮಾಡಿಕೊಳ್ಳುವಂತಿಲ್ಲ.

ಹಾಗಾದರೆ ಈ ವರ್ಷದ ಹಣ್ಣು ಸಪ್ಪೆಯಾದದ್ದು ಏಕೆ? ಕಾರಣ ಹತ್ತಾರು: ನೀರು ಜಾಸ್ತಿಯಾಗಿರಬಹುದು, ಬೂದಿರೋಗಕ್ಕೆ ಎಲೆ ಹೋಗಿರಬಹುದು. ನಾನು ಇವತ್ತು ಹೇಳಹೊರಟದ್ದು ಹೆಚ್ಚು ಜನ ಲೆಕ್ಕಕ್ಕೆ ಹಿಡಿಯದ ಕಾರಣವನ್ನು. ಪರಾಗ ಯಾರದು ಎನ್ನುವುದಕ್ಕಿಂತ ಅದು ಯಾವಾಗ ಮುಟ್ಟಿತು ಎನ್ನುವುದು ಈ ಹಣ್ಣಿಗೆ ಮುಖ್ಯ. ಯಾವಾಗ ಅಂದರೆ ದಿನದ ಯಾವ ಹೊತ್ತಿನಲ್ಲಿ, ಬಳ್ಳಿಯ ಯಾವ ವಯಸ್ಸಿನಲ್ಲಿ, ಕೊಯ್ಲಿಗೆ ಎಷ್ಟು ದಿನ ಮೊದಲು. ಮೂರನ್ನೂ ನೋಡೋಣ. ಮೊದಲನೆಯದಕ್ಕೆ ಜಾಸ್ತಿ ಸಮಯ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಕ್ರಾಸಿಂಗ್ ಪ್ಲಾಟಿನಲ್ಲಿ, ಅಂದರೆ ಒಂದು ತಳಿಯ ಪರಾಗವನ್ನು ಇನ್ನೊಂದು ತಳಿಯ ಹೂವಿಗೆ ಕೈಯಿಂದ ಮುಟ್ಟಿಸಿ ಹೈಬ್ರಿಡ್ ಬೀಜ ಮಾಡುವ ಹೊಲದಲ್ಲಿ, ಹೆಚ್ಚು ದುಡ್ಡು ಹಾಳಾಗುವುದು ಅಲ್ಲೇ.

ಅದಕ್ಕೂ ಮೊದಲು ಸ್ವಲ್ಪ ಚರಿತ್ರೆ, ವಿದ್ಯಾರ್ಥಿಗಳಿಗಾಗಿ. ಕರಬೂಜದ ಸಂಕರಕ್ಕೆ ಸಣ್ಣ ಇತಿಹಾಸವಲ್ಲ ಇರುವುದು. ಮೆಂಡೆಲ್ ಬಟಾಣಿಯ ಫಲಿತಾಂಶ ಪ್ರಕಟಿಸಿದ್ದು 1866ರಲ್ಲಿ. ಅದಕ್ಕೆ 40 ವರ್ಷ ಮೊದಲೇ, 1826ರಲ್ಲಿ, ಫ್ರಾನ್ಸಿನ ಅಗಸ್ಟಿನ್ ಸಜರೆ ಎಂಬಾತ ಕ್ಯಾಂಟಲೂಪ್ ಮತ್ತು ಶಾತೆ ಎಂಬ ಎರಡು ಬಗೆಯ ಕರಬೂಜಗಳ ಸಂಕರದ ವಿವರ ಪ್ರಕಟಿಸಿದ. ಕ್ಯಾಂಟಲೂಪಿಗೆ ಹಳದಿ ತಿರುಳು, ಹಳದಿ ಬೀಜ, ಬಲೆ ಹೆಣೆದ ಸಿಪ್ಪೆ, ಸಿಹಿ. ಶಾತೆಗೆ ಬಿಳಿ ತಿರುಳು, ಬಿಳಿ ಬೀಜ, ನುಣುಪು ಸಿಪ್ಪೆ, ಸಿಹಿಯ ಜೊತೆಗೆ ಜೋರು ಹುಳಿ. ಅವನಿಗೆ ಸಿಕ್ಕ ಒಂದು ಸಂಕರದಲ್ಲಿ ತಿರುಳು ಹಳದಿ, ಬೀಜ ಬಿಳಿ, ಸಿಪ್ಪೆಯಲ್ಲಿ ಬಲೆ, ರುಚಿ ಹುಳಿ. ತಂದೆತಾಯಿಯ ಗುಣಗಳು ಬೆರೆತು ನಡುವಿನದೊಂದು ಆಗಿರಲಿಲ್ಲ. ಒಂದೊಂದು ಗುಣ ಒಂದೊಂದು ಕಡೆಯಿಂದ ಇಡಿಯಾಗಿ ಬಂದಿತ್ತು. ಅವನು ಅದನ್ನು ಕಂಡದ್ದು ಸಂಕರದ ಬೀಜ ಬಿತ್ತಿ ಬೆಳೆದ ಬಳ್ಳಿಯ ಹಣ್ಣಿನಲ್ಲಿ ಎನ್ನುವುದನ್ನು ಗಮನಿಸಿ. 1859ರ ಹೊತ್ತಿಗೆ ಪ್ಯಾರಿಸ್ಸಿನ ಸಸ್ಯವಿಜ್ಞಾನಿ ಶಾರ್ಲ್ ನೋದಾಂ ನಾನಾ ದೇಶಗಳ ಕರಬೂಜ ಬೆಳೆದು ನೋಡಿ, ಹೊರನೋಟಕ್ಕೆ ಸಂಬಂಧವೇ ಇಲ್ಲದಂತೆ ಕಾಣುವ ಇವೆಲ್ಲ ಒಂದೇ ಜಾತಿ ಎಂದು ಹತ್ತು ಗುಂಪು ಮಾಡಿದ. ಮಂಗಳೂರು ಸೌತೆ, ಕೆಕ್ಕರಿಕೆ, ಕರಬೂಜ ಅಣ್ಣತಮ್ಮಂದಿರು ಎಂದು ನಾನು ಧೈರ್ಯವಾಗಿ ಹೇಳುವುದು ಇಂಥವರ ಬೆನ್ನಿಗೆ ನಿಂತು.

ಈಗ ಹೂವಿಗೆ ಬರೋಣ. ಹೆಚ್ಚಿನ ಕರಬೂಜ ತಳಿಗಳಲ್ಲಿ ಒಂದೇ ಬಳ್ಳಿಯಲ್ಲಿ ಎರಡು ಬಗೆಯ ಹೂವು. ಮುಖ್ಯ ಬಳ್ಳಿಯಲ್ಲಿ ಗೊಂಚಲು ಗೊಂಚಲಾಗಿ ಗಂಡು ಹೂವು. ಅಡ್ಡಬಳ್ಳಿಯ ಮೊದಲ ಒಂದೆರಡು ಗೆಣ್ಣುಗಳಲ್ಲಿ ಕಾಯಿ ಕಟ್ಟುವ ಹೂವು. ಕಾಯಿ ಕಟ್ಟುವ ಈ ಹೂವನ್ನು ನಾವು ಬಾಯಿಮಾತಿಗೆ ಹೆಣ್ಣು ಎನ್ನುತ್ತೇವಾದರೂ ಅದರೊಳಗೆ ಪರಾಗ ಕೊಡುವ ಗಂಡು ಭಾಗ, ಅಂದರೆ ಕೇಸರವೂ ಇರುತ್ತದೆ, ಹಾಗಾಗಿ ಅದು ದ್ವಿಲಿಂಗಿ. ಎರಡೂ ಒಂದೇ ಹೂವಿನಲ್ಲಿದ್ದರೂ ತಾನಾಗಿಯೇ ಕಾಯಿ ಕಟ್ಟುವುದು ಅಪರೂಪ. ಪರಾಗ ಅಂಟಂಟಾಗಿರುತ್ತದೆ, ಗಾಳಿಗೆ ಹಾರುವುದಿಲ್ಲ. ಜೇನು ಬರಬೇಕು, ಇಲ್ಲವೇ ಮನುಷ್ಯರ ಕೈ ಬರಬೇಕು.

ಹೂವಿನ ಆಯುಸ್ಸು ಒಂದೇ ದಿನ. ಬೇಸಿಗೆಯಲ್ಲಿ ಬೆಳಿಗ್ಗೆ ಸುಮಾರು 5:30ರಿಂದ 6:30ರೊಳಗೆ ಅರಳುತ್ತದೆ. ಪರಾಗಕೋಶ ಒಡೆಯುವುದೂ ಆಸುಪಾಸಿನಲ್ಲೇ, ಕೆಲವೊಮ್ಮೆ ಹೂವು ಅರಳುವುದಕ್ಕೂ ಸ್ವಲ್ಪ ಮುಂಚೆ. ಪರಾಗವನ್ನು ಹಿಡಿದುಕೊಳ್ಳುವ ತುದಿ, ಅಂದರೆ ಶಲಾಕಾಗ್ರ, ಅರಳುವ 2 ಗಂಟೆ ಮೊದಲಿನಿಂದ ಅರಳಿದ 2–3 ಗಂಟೆಯವರೆಗೆ ಚುರುಕಾಗಿರುತ್ತದೆ. ಆಮೇಲೆ ಬಿಸಿಲು ಏರಿದಂತೆ ಒಣಗುತ್ತ ಹೋಗುತ್ತದೆ. ಪರಾಗದ ಕಸುವು ಮಧ್ಯಾಹ್ನದವರೆಗೂ ಅಷ್ಟಿಷ್ಟು ಉಳಿದಿರಬಹುದು, ಆದರೆ ಅದನ್ನು ಬರಮಾಡಿಕೊಳ್ಳುವ ಕಡೆ ಬಾಗಿಲು ಮುಚ್ಚಿರುತ್ತದೆ. ಹತ್ತು ಗಂಟೆಗೆ ಕೂಲಿಯವರನ್ನು ಪ್ಲಾಟಿಗೆ ಇಳಿಸಿ "ಕ್ರಾಸಿಂಗ್ ಮಾಡಿಸಿದೆ" ಎನ್ನುವವರು ಕೂಲಿ ಕೊಟ್ಟಿದ್ದಾರೆ, ಅಷ್ಟೇ.

ಗಡಿಯಾರವನ್ನೇ ನಂಬಿ ಕೂತರೂ ಕೆಡುತ್ತದೆ. ಹೂವು ನೋಡುವುದು ಗಂಟೆಯನ್ನಲ್ಲ, ಕಾವನ್ನು. ಡಿಸೆಂಬರ್–ಜನವರಿಯ ಚಳಿಯಲ್ಲಿ ರಾತ್ರಿ ತಂಪು ಇಳಿದರೆ ಹೂವು ತಡವಾಗಿ ಅರಳುತ್ತದೆ, ಪರಾಗಕೋಶ ಇನ್ನೂ ತಡವಾಗಿ ಒಡೆಯುತ್ತದೆ. ಅಂಥ ದಿನ ಆರು ಗಂಟೆಗೆ ಗಂಡು ಹೂವು ಕಿತ್ತು ಮುಟ್ಟಿಸಿದರೆ ಒಡೆಯದ ಕೋಶವನ್ನು ಉಜ್ಜಿದಂತಾಗುತ್ತದೆ, ಹಳದಿ ಪುಡಿಯೇ ಬಂದಿರುವುದಿಲ್ಲ. ಏಪ್ರಿಲ್ ಕೊನೆಗೆ ಇದರ ಉಲ್ಟಾ: ಹಗಲಿನ ಉಷ್ಣಾಂಶ 35 ಡಿಗ್ರಿ ದಾಟಿದರೆ ಕಾಯಿ ಕಟ್ಟುವುದು ಕುಸಿಯುತ್ತದೆ, ಕೆಲಸಕ್ಕೆ ಸಿಗುವ ಹೊತ್ತೂ ಕಿರಿದಾಗುತ್ತದೆ. ಮಳೆ ಹನಿದರೆ ಪರಾಗದ ಕಾಳು ನೀರು ಹೀರಿ ಒಡೆದುಹೋಗುತ್ತದೆ. ಅದಕ್ಕೇ ನನ್ನ ಸಲಹೆ ಬಹಳ ಸರಳ. ಗಂಡು ಹೂವನ್ನು ಉಗುರಿನ ಮೇಲೆ ಒಮ್ಮೆ ಒತ್ತಿ ನೋಡಿ. ಹಳದಿ ಪುಡಿ ಅಂಟಿದರೆ ಶುರು ಮಾಡಿ, ಅಂಟದಿದ್ದರೆ ಇನ್ನೊಂದು ಚಹಾ ಕುಡಿಯಿರಿ.

ಇನ್ನು ಕೇಸರ ಕೀಳುವ ಕೆಲಸ. ಹೂವು ದ್ವಿಲಿಂಗಿ ಆದದ್ದರಿಂದ, ತನ್ನದೇ ಪರಾಗ ಬೀಳದಂತೆ ಹಿಂದಿನ ಸಂಜೆಯೇ ಮರುದಿನ ಅರಳಲಿರುವ ಮೊಗ್ಗನ್ನು ಗುರುತಿಸಿ, ಚಿಮಟದಿಂದ ಕೇಸರ ತೆಗೆದು, ಕಾಗದದ ಚೀಲ ಹಾಕಬೇಕು. ಸಂಜೆ ಕೀಳುವುದು, ಬೆಳಿಗ್ಗೆ ಮುಟ್ಟಿಸುವುದು: ಈ ಲಯ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿ ಅವರು 1972ರಲ್ಲಿ ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ ಕೊಟ್ಟ ಮೇಲೆ, ಆಮೇಲೆ ಡಿಸಿಎಚ್-32 ಎಂಬ ಇನ್ನೊಂದು ಹೈಬ್ರಿಡ್ ಹತ್ತಿ ಬಂದ ಮೇಲೆ, ಹತ್ತಿಯ ಕ್ರಾಸಿಂಗ್ ಎಷ್ಟೋ ಹಳ್ಳಿಗಳ ಹೆಣ್ಣುಮಕ್ಕಳ ಬೆರಳಿಗೆ ಇಳಿದುಬಿಟ್ಟಿತು. ರಾಣೆಬೆನ್ನೂರಿನ ಸುತ್ತಮುತ್ತ ತರಕಾರಿ ಬೀಜೋತ್ಪಾದನೆ ಬೇರು ಬಿಡಲು ಆ ಪಳಗಿದ ಕೈಗಳದೂ ಒಂದು ಪಾಲಿದೆ ಎಂದು ನನ್ನ ಅಂದಾಜು.

ಆದರೆ ಹತ್ತಿಯ ಕೈ ಕರಬೂಜಕ್ಕೆ ನೇರ ಹೊಂದುವುದಿಲ್ಲ. ಕರಬೂಜದ ಮೊಗ್ಗು ಮೆತ್ತಗೆ, ಅಂಡಾಶಯ ಹೂವಿನ ಕೆಳಗೆ ಹೊರಗೇ ಇರುತ್ತದೆ. ಹಿಡಿತ ಸ್ವಲ್ಪ ಬಿಗಿಯಾದರೂ ಅದರ ಮೇಲಿನ ನವಿರು ಕೂದಲು ಒರೆಸಿಹೋಗಿ, ಗಾಯವಾಗಿ, ಮೂರನೆಯ ದಿನಕ್ಕೆ ಮಿಡಿ ಹಳದಿಯಾಗಿ ಉದುರುತ್ತದೆ. ಕೈಯಿಂದ ಕೇಸರ ಕಿತ್ತ ಹೂವಿನಲ್ಲಿ ಕಾಯಿ ಕಟ್ಟುವ ಪ್ರಮಾಣ ಜೇನು ಮುಟ್ಟಿದ ಹೂವಿಗಿಂತ ಯಾವಾಗಲೂ ಕಡಿಮೆ. ಮೊಗ್ಗು ತೀರಾ ಎಳೆಯದಾದರೆ ಇನ್ನೂ ಕಡಿಮೆ. ಇಂಥ ರಗಳೆ ತಪ್ಪಿಸಿಕೊಳ್ಳಲೆಂದೇ ತಳಿಗಾರರು ಬೇರೆ ದಾರಿ ಹುಡುಕಿದ್ದು. ಲೂಧಿಯಾನದ ಪಂಜಾಬ್ ಕೃಷಿ ವಿಶ್ವವಿದ್ಯಾಲಯ 1981ರಲ್ಲಿ ಬಿಡುಗಡೆ ಮಾಡಿದ ಪಂಜಾಬ್ ಹೈಬ್ರಿಡ್ ಕರಬೂಜದ ತಾಯಿ ಎಂಎಸ್-1 ಎಂಬ ಗಂಡು ಬಂಜೆ ಸಾಲು, ತಂದೆ ಹರಾ ಮಧು ಎಂಬ ಕರಬೂಜ ತಳಿ. ತಾಯಿಯಲ್ಲಿ ಕಸುವುಳ್ಳ ಪರಾಗವೇ ಇಲ್ಲದಿದ್ದರೆ ಕೀಳುವ ಮಾತೆಲ್ಲಿ? ಅಲ್ಲೂ ಒಂದು ತೊಡಕಿದೆ. ಆ ಸಾಲಿನಲ್ಲಿ ಅರ್ಧದಷ್ಟು ಗಿಡಗಳು ಪರಾಗ ಕೊಡುವಂಥವೇ ಹುಟ್ಟುತ್ತವೆ. ಮೊದಲ ಹೂವು ಬಿಟ್ಟ ಕೂಡಲೇ ಅವನ್ನು ಗುರುತಿಸಿ ಕಿತ್ತುಹಾಕಬೇಕು. ತಡ ಮಾಡಿದರೆ ಬೀಜ ಕೆಟ್ಟಿತು. ಇನ್ನೊಂದು ದಾರಿ, ಗಂಡು ಹೂವು ಮತ್ತು ಅಪ್ಪಟ ಹೆಣ್ಣು ಹೂವು ಬೇರೆಬೇರೆಯಾಗಿ ಬಿಡುವ ತಳಿಯನ್ನೇ ತಾಯಿ ಮಾಡಿಕೊಳ್ಳುವುದು. ಸಂಜೆ ಮೊಗ್ಗಿಗೆ ಚೀಲ ಹಾಕಿದರೆ ಸಾಕು. ಕೈ ಕೆಲಸಕ್ಕೆ ನಾನು ಒಪ್ಪುವುದು ಇದನ್ನೇ.

ಹೊತ್ತು ಸರಿಯಾದರೆ ಹಣ್ಣಿಗೆ ಏನು ಲಾಭ, ತಪ್ಪಿದರೆ ಏನು ನಷ್ಟ? ಪರಾಗ ಬಿದ್ದ ಮೇಲೆ ಅದರ ನಾಳ ಕೆಳಗಿಳಿದು, ಮುಂದೆ ಬೀಜವಾಗುವ ಅಂಡಕಗಳನ್ನು ಮುಟ್ಟಲು ಸುಮಾರು ಒಂದು ದಿನ ಬೇಕು. ಒಂದು ಒಳ್ಳೆಯ ಕರಬೂಜದಲ್ಲಿ 400ರಿಂದ 600 ಬೀಜ ಇರುತ್ತವೆ. ಪ್ರತಿ ಬೀಜಕ್ಕೂ ಒಂದು ಪರಾಗದ ಕಾಳು ಬೇಕು, ದಾರಿಯಲ್ಲಿ ಸೋಲುವ ಕಾಳುಗಳ ಲೆಕ್ಕ ಬೇರೆ. ಬೆಳೆಯುತ್ತಿರುವ ಬೀಜಗಳು ಹೊರಡಿಸುವ ಚೋದಕಗಳೇ ಸುತ್ತಲ ತಿರುಳಿಗೆ "ಬೆಳೆ" ಎಂದು ಹೇಳುವುದು. ತಡವಾಗಿ ಮುಟ್ಟಿಸಿದ ಹೂವಿನಲ್ಲಿ ಕಾಯಿ ನಿಂತರೂ ಬೀಜ ಕಡಿಮೆ. ಬೀಜ ಕಡಿಮೆಯಾದರೆ ಹಣ್ಣು ಸಣ್ಣದು. ಶಲಾಕಾಗ್ರಕ್ಕೆ ಸಾಮಾನ್ಯವಾಗಿ ಮೂರು ಹಾಲೆ. ಒಂದೇ ಹಾಲೆಗೆ ಪರಾಗ ಸವರಿ ಮುಂದೆ ಹೋದರೆ ಒಂದು ಮಗ್ಗುಲಲ್ಲಿ ಬೀಜ ತುಂಬಿ ಇನ್ನೊಂದು ಮಗ್ಗುಲು ಪೊಳ್ಳಾಗಿ ಹಣ್ಣು ಸೊಟ್ಟಗಾಗುತ್ತದೆ. ಮಾರುಕಟ್ಟೆಯಲ್ಲಿ ಸೊಟ್ಟ ಹಣ್ಣು ಕಂಡರೆ ಅಡ್ಡಕ್ಕೆ ಕೊಯ್ದು ಬೀಜ ಎಲ್ಲಿ ಕೂತಿದೆ ನೋಡಿ, ಅದು ಮುಟ್ಟಿಸಿದವರ ಸಹಿ. ಜೇನು ಈ ಕೆಲಸವನ್ನು ಸಾವಕಾಶವಾಗಿ ಮಾಡುತ್ತದೆ. ಒಂದು ಹೂವಿಗೆ 10–15 ಸಲ ಜೇನು ಬಂದು ಹೋದರೆ ಒಳ್ಳೆಯ ಹಣ್ಣು ಎಂದು ಅಮೆರಿಕದ ಜೇನು ತಜ್ಞ ಮೆಕ್‌ಗ್ರೆಗರ್ ಬರೆದಿದ್ದಾರೆ. ನಾವು ಒಂದೇ ಸಲ ಮುಟ್ಟಿಸಿ ಅಷ್ಟೂ ಕೆಲಸ ಆಗಬೇಕು ಎನ್ನುತ್ತೇವೆ. ಹಾಗಾಗಿ ಹೊಸದಾಗಿ ಅರಳಿದ ಗಂಡು ಹೂವು, ಸಾಲದಿದ್ದರೆ ಎರಡು, ಎಸಳು ಹಿಂದಕ್ಕೆ ಮಡಚಿ, ಮೂರೂ ಹಾಲೆಗೆ ಮೆಲ್ಲಗೆ.

ಗಂಡು ಸಾಲಿನ, ಅಂದರೆ ಪರಾಗ ಕೊಡುವ ತಂದೆ ತಳಿಯ, ಬಿತ್ತನೆಯೂ ಹೊತ್ತಿನ ಲೆಕ್ಕವೇ. ಹೆಣ್ಣು ಸಾಲಿನಲ್ಲಿ ಒಳ್ಳೆಯ ಹೂವು ಬಿಡುವ ದಿನಗಳಿಗೆ ಗಂಡು ಸಾಲಿನಲ್ಲಿ ಧಾರಾಳ ಹೂವು ಇರಬೇಕು. ಅದಕ್ಕೇ ಗಂಡನ್ನು ಕೆಲವು ದಿನ ಮುಂಚೆ ಬಿತ್ತುವುದು. ಬೀಜವಿಲ್ಲದ ಕಲ್ಲಂಗಡಿ ಬೆಳೆದವರಿಗೆ ಇದರ ಬಿಸಿ ಇನ್ನೂ ಚೆನ್ನಾಗಿ ಗೊತ್ತು. ಅದರ ಸ್ವಂತ ಪರಾಗ ನಿಷ್ಪ್ರಯೋಜಕ. ಬೀಜ ಕಟ್ಟದಿದ್ದರೂ ಕಾಯಿ ಬೆಳೆಯಲು ಸಾಮಾನ್ಯ ಕಲ್ಲಂಗಡಿಯ ಪರಾಗ ಮುಟ್ಟಲೇಬೇಕು. ನಡುನಡುವೆ ಹಾಕಿದ ಗಂಡು ಗಿಡದ ಹೂವು ಹಿಂದೆಮುಂದೆ ಆಯಿತೋ, ಹೊಲದ ತುಂಬ ಬಳ್ಳಿ ಮಾತ್ರ.

ಎರಡನೆಯದು, ಬಳ್ಳಿಯ ವಯಸ್ಸು. ಕರಬೂಜದ ಬಳ್ಳಿಯಲ್ಲಿ ಮೊದಲು ಕಟ್ಟಿದ ಕಾಯಿಯದೇ ದರಬಾರು. ಮೊದಲ ಪಂಕ್ತಿಯಲ್ಲಿ ಕೂತವರಿಗೆ ಹೋಳಿಗೆ, ಕೊನೆಯ ಪಂಕ್ತಿಗೆ ತಿಳಿಸಾರು. ಮೊದಲ ಕಾಯಿ ಎಲೆಗಳು ಮಾಡಿದ ಸಕ್ಕರೆಯನ್ನೆಲ್ಲ ಎಳೆದುಕೊಳ್ಳುತ್ತದೆ. ವಾರದ ಮೇಲೆ ಎಷ್ಟು ಚೆನ್ನಾಗಿ ಮುಟ್ಟಿಸಿದರೂ ಆಮೇಲಿನ ಹೂವುಗಳು ಉದುರುತ್ತವೆ, ನಿಂತರೂ ಕೃಶ. ಹಾಗಂತ ಎಲ್ಲಕ್ಕಿಂತ ಮೊದಲ ಹೂವೇ ಶ್ರೇಷ್ಠ ಎಂದೂ ತಿಳಿಯಬೇಡಿ. ಬುಡದ ಹತ್ತಿರ, ಎಲೆ ಇನ್ನೂ ಸಾಲದ ಕಾಲದಲ್ಲಿ ಕಟ್ಟಿದ ಕಾಯಿ ಬೇಗ ಬಲಿತು ಸಣ್ಣದಾಗಿ ಉಳಿಯುತ್ತದೆ, ಬಳ್ಳಿಯನ್ನೂ ಕುಗ್ಗಿಸುತ್ತದೆ.

ಇದನ್ನು ಪರಾಕಾಷ್ಠೆಗೆ ಒಯ್ದವರು ಜಪಾನಿನವರು. ಶಿಜುಒಕಾ ಪ್ರಾಂತ್ಯದ ಫುಕುರೊಯಿ ಕಡೆ ಗಾಜಿನ ಮನೆಯಲ್ಲಿ ಬೆಳೆಯುವ ಕ್ರೌನ್ ಮೆಲನ್‌ಗೆ ಬಳ್ಳಿಗೆ ಒಂದೇ ಹಣ್ಣು. ನಡುಭಾಗದ ಗೆಣ್ಣುಗಳಲ್ಲಿ ಕೆಲವು ಹೂವುಗಳಿಗೆ ಹೆಚ್ಚುಕಡಿಮೆ ಒಟ್ಟಿಗೇ ಪರಾಗ ಮುಟ್ಟಿಸಿ, ಮಿಡಿಗಳನ್ನು ಹೋಲಿಸಿ ನೋಡಿ, ಒಂದನ್ನು ಉಳಿಸಿ ಮಿಕ್ಕವನ್ನು ಕತ್ತರಿಸುತ್ತಾರೆ. ಒಟ್ಟಿಗೇ ಮುಟ್ಟಿಸಿದ್ದರಿಂದಲೇ ಹೋಲಿಕೆಗೆ ಅರ್ಥ. ಮುಟ್ಟಿಸಿದ ದಿನದಿಂದ ಸುಮಾರು 50 ದಿನ ಎಣಿಸಿ ಕೊಯ್ಯುತ್ತಾರೆ. ಅಲ್ಲಿನ ಇನ್ನೊಂದು ಹೆಸರಾಂತ ಹಣ್ಣು ಹೊಕ್ಕೈಡೊ ದ್ವೀಪದ ಯೂಬಾರಿ ಕಿಂಗ್ ಒಂದು ಹೈಬ್ರಿಡ್: ಅರ್ಲ್ಸ್ ಫೇವರಿಟ್ ಮತ್ತು ಸ್ಪೈಸಿ ಕ್ಯಾಂಟಲೂಪ್ ಇವುಗಳ ಸಂಕರ. 2019ರ ಮೊದಲ ಹರಾಜಿನಲ್ಲಿ ಅದರ ಒಂದು ಜೋಡಿ 50 ಲಕ್ಷ ಯೆನ್‌ಗೆ ಹೋಯಿತು. ಅದು ಹಣ್ಣಿನ ಬೆಲೆಯಲ್ಲ, ಪ್ರಚಾರದ ಬೆಲೆ. ಆದರೂ ತಂದೆತಾಯಿ ಯಾರೆಂದು ಊರಿಗೆಲ್ಲ ಗೊತ್ತಿರುವ ಹಣ್ಣು ಎಲ್ಲರ ಕೈಯಲ್ಲೂ ಹಾಗೆ ಬೆಳೆಯುವುದಿಲ್ಲವಲ್ಲ!

ಮೂರನೆಯದು ದಿನಗಳ ಎಣಿಕೆ. ಪರಾಗ ಮುಟ್ಟಿದ ಮೊದಲ ಹತ್ತು ದಿನಗಳ ಆಸುಪಾಸಿನಲ್ಲಿ ತಿರುಳಿನ ಜೀವಕೋಶಗಳು ವಿಭಜನೆಯಾಗುತ್ತವೆ. ಆಮೇಲೆ ಅವು ಹಿಗ್ಗುತ್ತವೆ. ಸಿಹಿ ಬರುವುದು ಕೊನೆಗೆ. ಅಲ್ಲಿಯವರೆಗೆ ಕಾಯಿಗೆ ಬಂದ ಸಕ್ಕರೆಯನ್ನು ಇನ್ವರ್ಟೇಸ್ ಎಂಬ ಕಿಣ್ವ ಒಡೆದು ಬೆಳವಣಿಗೆಗೆ ಖರ್ಚು ಮಾಡುತ್ತಿರುತ್ತದೆ. ಕೊನೆಯ ಹತ್ತು–ಹದಿನೈದು ದಿನಗಳಲ್ಲಿ ಆ ಕಿಣ್ವ ಇಳಿದು, ಸುಕ್ರೋಸ್ ಕಟ್ಟುವ ಕಿಣ್ವ ಏರಿ, ಸಿಹಿ ಕೂಡತೊಡಗುತ್ತದೆ. ಬಾಳೆಕಾಯಿಯಲ್ಲಿ ಪಿಷ್ಟ ಇರುತ್ತದೆ, ಕೊಯ್ದ ಮೇಲೂ ಅದು ಸಕ್ಕರೆಯಾಗುತ್ತದೆ. ಕರಬೂಜದಲ್ಲಿ ಅಂಥ ಉಳಿತಾಯ ಇಲ್ಲ. ಬಳ್ಳಿಯಿಂದ ಬಿಡಿಸಿದ ಗಳಿಗೆಗೆ ಸಿಹಿಯ ಲೆಕ್ಕ ಮುಗಿಯಿತು. ಮನೆಯಲ್ಲಿಟ್ಟರೆ ಮೆತ್ತಗಾಗುತ್ತದೆ, ಘಮ ಬರುತ್ತದೆ, ಸಿಹಿ ಏರುವುದಿಲ್ಲ. ಐದು ದಿನ ತಡವಾಗಿ ಕಟ್ಟಿದ ಕಾಯಿಯನ್ನು ಮಿಕ್ಕವುಗಳ ಜೊತೆ ಒಂದೇ ದಿನ ಲಾರಿಗೆ ಹಾಕಿದರೆ, ಸಿಹಿ ತುಂಬುವ ಕಾಲದ ದೊಡ್ಡ ಪಾಲನ್ನು ಕೈಯಾರೆ ಕಿತ್ತುಕೊಂಡಂತೆ. ಪಕ್ಕದ ಹೊಲದ ಸೌತೆ ಬೈಸಿಕೊಳ್ಳುವುದು ಬಹುಪಾಲು ಇದರಿಂದ.

ತಳಿ ಅಭಿವೃದ್ಧಿ ಓದುವ ಹುಡುಗ ಹುಡುಗಿಯರು ಇಲ್ಲಿ ಸ್ವಲ್ಪ ಕಿವಿಗೊಡಿ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಜೀತ್ ಸಣ್ಣ ಹಣ್ಣು, ಬಲು ಸಿಹಿ. ಅರ್ಕಾ ರಾಜಹಂಸ ಅದಕ್ಕಿಂತ ದಪ್ಪ. ಇವುಗಳಲ್ಲಿ ಒಂದನ್ನು ಇನ್ನಾವುದೋ ಸಾಲಿನ ಜೊತೆ ಸಂಕರ ಮಾಡಿ, ಮುಂದಿನ ಪೀಳಿಗೆಯ ನೂರಾರು ಬಳ್ಳಿ ಬೆಳೆದು, ಸಿಹಿ ಅಳೆಯುವ ಬ್ರಿಕ್ಸ್ ಮೀಟರಿಗೆ ರಸ ಹಾಕಿ 13 ಬಂದದ್ದನ್ನು ಇಟ್ಟುಕೊಂಡು 9 ಬಂದದ್ದನ್ನು ಬಿಡುತ್ತೀರಿ. ಆ 9 ಯಾಕೆ ಬಂತು? ವಂಶವಾಹಿಯಿಂದಲೋ, ಆ ಕಾಯಿ ಬಳ್ಳಿಯ ಮೂರನೆಯ ಕಾಯಿ ಆದದ್ದರಿಂದಲೋ, ಇಲ್ಲವೇ ನಾಲ್ಕು ದಿನ ಮೊದಲೇ ಕೊಯ್ದದ್ದರಿಂದಲೋ? ಹೂವಿಗೆ ಕಟ್ಟಿದ ಚೀಟಿಯಲ್ಲಿ ತಾರೀಖು ಇಲ್ಲದಿದ್ದರೆ ಇದಕ್ಕೆ ಉತ್ತರವಿಲ್ಲ. ತಂದೆತಾಯಿಯ ಹೆಸರನ್ನು ಚೆಂದವಾಗಿ ಬರೆದು ತಾರೀಖು ಮರೆತ ಚೀಟಿಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಹೋಲಿಸಬೇಕಾದ ಬಳ್ಳಿಗಳಲ್ಲಿ ಒಂದೇ ಎತ್ತರದ ಗೆಣ್ಣು, ಎರಡು ಮೂರು ದಿನದೊಳಗಿನ ಪರಾಗಸ್ಪರ್ಶ, ಬಳ್ಳಿಗೆ ಒಂದೇ ಸಂಖ್ಯೆಯ ಕಾಯಿ, ತೊಟ್ಟು ತಾನಾಗಿ ಕಳಚಿಕೊಳ್ಳುವ ಹಂತಕ್ಕೆ ಕೊಯ್ಲು. ಇಷ್ಟು ಆದ ಮೇಲೆ ಮೀಟರ್ ನೋಡಿ. ಇಲ್ಲದಿದ್ದರೆ ನೀವು ಆರಿಸುತ್ತಿರುವುದು ತಳಿಯನ್ನಲ್ಲ, ವಾರವನ್ನು.

ಬೀಜಕ್ಕಾಗಿ ಬೆಳೆಯುವವರಿಗೆ ಲೆಕ್ಕ ತುಸು ಬೇರೆ. ನಿಮಗೆ ತಿರುಳಿನ ಸಿಹಿ ಬೇಡ, ತುಂಬಿದ ಬೀಜ ಬೇಕು. ಹಂಗಾಮಿನ ಕೊನೆಯಲ್ಲಿ, ಎಲೆ ಒಣಗುತ್ತಿರುವಾಗ ಆಸೆಗೆ ಬಿದ್ದು ಮಾಡಿಸಿದ ಕ್ರಾಸಿಂಗ್‌ನ ಬೀಜ ತೂಕ ಬರುವುದಿಲ್ಲ, ಮೊಳಕೆ ಪರೀಕ್ಷೆಯಲ್ಲಿ ಲಾಟೇ ಬಿದ್ದುಹೋಗಬಹುದು. ಒಂದು ದಿನಾಂಕದ ನಂತರ ಬಂದ ಹೆಣ್ಣು ಹೂವನ್ನು ಚಿವುಟಿಹಾಕುವ ಗಟ್ಟಿ ಮನಸ್ಸು ಬೇಕು.

ಕೊನೆಯಲ್ಲಿ ಸಭೆಯಿಂದ ಬಂದ ಎರಡು ಪ್ರಶ್ನೆ.

ಒಬ್ಬ ತಾಯಿ ಕೇಳಿದರು: "ಬೆಳಿಗ್ಗೆ ಜೇನು ನಮಗಿಂತ ಮುಂಚೆ ಬಂದಿರ್ತಾವ್ರೀ, ಚೀಲದಾಗಿನ ಹೆಣ್ಣು ಹೂವು ಕೆಡಂಗಿಲ್ಲ ಖರೆ. ಗಂಡು ಹೂವಿನ ಮ್ಯಾಲೆ ಕುಂತಿರ್ತಾವಲ್ಲ, ಅದರಿಂದ ಏನಾರ ಆಗತೈತೇನು?" ಬಹಳ ಒಳ್ಳೆಯ ಪ್ರಶ್ನೆ ತಾಯಿ. ಆಗುತ್ತದೆ. ಕೋಲುಜೇನೋ ತುಡುವೆಯೋ ಬೇರೆ ಹೊಲದ ಪರಾಗವನ್ನು ಮೈಗೆ ಮೆತ್ತಿಕೊಂಡು ಬಂದು ನಿಮ್ಮ ಗಂಡು ಹೂವಿನಲ್ಲಿ ಬಿಟ್ಟಿರಬಹುದು, ನಿಮ್ಮ ಪರಾಗವನ್ನು ಒಯ್ದೂ ಇರಬಹುದು. ಅದಕ್ಕೇ ಸಂಜೆ ಗಂಡು ಮೊಗ್ಗಿಗೂ ಚೀಲ ಹಾಕಬೇಕು, ಅಥವಾ ಮರುದಿನ ಅರಳುವ ಗಂಡು ಮೊಗ್ಗನ್ನು ಸಂಜೆಯೇ ಕಿತ್ತು ಒದ್ದೆ ಬಟ್ಟೆಯ ಆಸರೆಯಲ್ಲಿ ಮುಚ್ಚಿಟ್ಟು ಬೆಳಿಗ್ಗೆ ಬಳಸಬೇಕು. ನೀರು ಮೊಗ್ಗಿನೊಳಗೆ ಹೋಗದಂತೆ ನೋಡಿಕೊಳ್ಳಿ. ನೆರಳುಬಲೆ ಮನೆಯೊಳಗೆ ಪ್ಲಾಟ್ ಇದ್ದವರಿಗೆ ಈ ತಾಪತ್ರಯ ಕಡಿಮೆ.

ಇನ್ನೊಬ್ಬರು, ಔಷಧಿ ಹೊಡೆದು ಪರಾಗವಿಲ್ಲದೆಯೇ ಕಾಯಿ ನಿಲ್ಲಿಸಬಹುದಂತೆ, ಅದು ಹೇಗೆ ಎಂದರು. ಸಿಪಿಪಿಯು ಎಂಬ ಚೋದಕದಿಂದ ಕಾಯಿ ನಿಲ್ಲುವುದು ನಿಜ. ಪರಾಗ ಮುಟ್ಟದೆ ಬರೀ ಅದರಿಂದ ಬೆಳೆದ ಹಣ್ಣಿನಲ್ಲಿ ಸಕ್ಕರೆ ಕಡಿಮೆ ಇರುವುದು ಪ್ರಯೋಗಗಳಲ್ಲಿ ಕಂಡಿದೆ. ಬೀಜವಂತೂ ಇರುವುದೇ ಇಲ್ಲ. ಬೀಜ ಮಾರಲು ಹೊರಟ ನಿಮಗೆ ಅದರಿಂದ ಏನು ಉಪಯೋಗ ಎಂದೆ. ಅವರು ನಕ್ಕು, "ಅಲ್ರೀ, ನಾ ಕೇಳಿದ್ದು ತಿನ್ನೂ ಹಣ್ಣಿನ ಹೊಲಕ್ಕ" ಎಂದರು. ಹಾಗಾದರೆ ಆ ಔಷಧಿಯ ದುಡ್ಡಿಗೆ ಜೇನುಪೆಟ್ಟಿಗೆ ತಂದು ಹೂವು ಶುರುವಾಗುವ ಹೊತ್ತಿಗೆ ಹೊಲದ ಬದುವಿಗಿಡಿ, ಆ ದಿನಗಳಲ್ಲಿ ಬೆಳಗಿನ ಹೊತ್ತು ಕೀಟನಾಶಕ ಹೊಡೆಯಬೇಡಿ. ಹೊಡೆಯಲೇಬೇಕಾದರೆ ಹೂವು ಮುಚ್ಚಿದ ಮೇಲೆ, ಸಂಜೆ.